ಹೊಟ್ಟೆಯ ಕೊಬ್ಬು ಸುಮ್ಮನೆ ಕೂತಿಲ್ಲ

ಸೊಂಟದ ಸುತ್ತ ಸೇರುವ ಕೊಬ್ಬು ತನ್ನ ಹಾರ್ಮೋನ್‌ಗಳಿಂದ ಹೃದಯ, ಯಕೃತ್ತು, ಮಿದುಳನ್ನು ತಲುಪುವುದು ಹೇಗೆ? ಅದನ್ನು ಹತೋಟಿಗೆ ತರಲು ಹಳ್ಳಿಯ ಮನೆಯಲ್ಲೇ ಏನೆಲ್ಲ ಮಾಡಬಹುದು?

ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಸೀಮೆಯಲ್ಲಿ ದುಡಿಮೆಯ ರೀತಿ ಕಣ್ಣೆದುರೇ ಬದಲಾಗಿದೆ. ಮಳೆ ನಂಬಿ ಬಿತ್ತುತ್ತಿದ್ದ ಹೊಲಗಳಲ್ಲಿ ಕೊಳವೆಬಾವಿಯ ನೀರಿಗೆ ಅಡಿಕೆ ತೋಟಗಳು ಎದ್ದಿವೆ. ನೇಗಿಲ ಹಿಂದೆ ದಿನವಿಡೀ ನಡೆಯುತ್ತಿದ್ದವರು ಟ್ರ್ಯಾಕ್ಟರ್ ಸೀಟಿನ ಮೇಲಿದ್ದಾರೆ. ಗೊನೆ ಕೀಳಲು ಮರದಿಂದ ಮರಕ್ಕೆ ಹತ್ತಿ ಇಳಿಯುತ್ತಿದ್ದ ಜಾಗದಲ್ಲಿ ಉದ್ದನೆಯ ಫೈಬರ್ ದೋಟಿ ಬಂದಿದೆ. ಮೆಟ್ಟುಗತ್ತಿಯ ಮುಂದೆ ಕೂತು ಸರಿರಾತ್ರಿಯವರೆಗೆ ಸುಲಿಯುತ್ತಿದ್ದ ಅಡಿಕೆಯನ್ನು ಈಗ ಯಂತ್ರ ಸುಲಿಯುತ್ತದೆ. ಮನೆಯಿಂದ ತೋಟಕ್ಕೆ ಒಂದು ಮೈಲಿ ಇದ್ದರೂ ಬೈಕ್ ಹೊರಡುತ್ತದೆ.

ಈ ಆರಾಮ ಬೇಕಿತ್ತು. ಮರದಿಂದ ಜಾರಿ ಬಿದ್ದು ಹಾಸಿಗೆ ಹಿಡಿದವರ ನೆನಪು ಅಡಿಕೆ ಬೆಳೆಯುವ ಊರುಗಳಲ್ಲಿ ಇನ್ನೂ ಹಸಿಯಾಗಿದೆ. ಆದರೆ ದುಡಿಮೆ ಇಳಿದಷ್ಟು ತಟ್ಟೆಯ ಅಳತೆ ಇಳಿಯಲಿಲ್ಲ. ಉತ್ತು ಬಂದವನಿಗೆ ಬಡಿಸುತ್ತಿದ್ದ ಅನ್ನದ ರಾಶಿಯೇ ಬೈಕ್ ಇಳಿದು ಬಂದವನಿಗೂ ಬೀಳುತ್ತಿದೆ. ಮಿಕ್ಕಿದ್ದು ಹೊಟ್ಟೆಯ ಸುತ್ತ ಸೇರುತ್ತದೆ. ಕೈಕಾಲು ಮೊದಲಿನಂತೆ ಸಣ್ಣಗೇ ಇದ್ದರೂ ಉಡಿದಾರ ಬಿಗಿಯಾಗುತ್ತದೆ. ‘ಈಗ ಮೈಕೈ ತುಂಬಿಕೊಂಡು ಚೆನ್ನಾಗಿದ್ದಾನೆ’ ಎಂದು ನೆಂಟರು ಮೆಚ್ಚುವ ಹೊತ್ತಿಗೆ ಒಳಗೆ ರಕ್ತದ ಒತ್ತಡ, ಸಕ್ಕರೆ, ಕೊಬ್ಬಿನಂಶ ಮೂರೂ ಮೇಲೇರಲು ತೊಡಗಿರುತ್ತವೆ.

ಇವನ್ನು ಏರಿಸುವುದರಲ್ಲಿ ಹೊಟ್ಟೆಯ ಕೊಬ್ಬಿನ ಪಾಲು ದೊಡ್ಡದು. ಅದು ಹಾರ್ಮೋನ್ ತಯಾರಿಸಿ ರಕ್ತಕ್ಕೆ ಬಿಡುವ ಒಂದು ಅಂಗ. ಈ ಒಂದು ಸಂಗತಿ ಗೊತ್ತಾದರೆ ತೂಕದ ಯಂತ್ರಕ್ಕಿಂತ ಸೊಂಟದ ಅಳತೆ ಏಕೆ ಮುಖ್ಯ, ತೂಕ ಇಳಿಯದಿದ್ದರೂ ದಿನದ ನಡಿಗೆ ಏಕೆ ವ್ಯರ್ಥವಲ್ಲ ಎಂಬುದು ತಾನಾಗಿ ತಿಳಿಯುತ್ತದೆ.

ಇಲಿಯೊಂದು ತೋರಿಸಿದ ದಾರಿ

ವೈದ್ಯಶಾಸ್ತ್ರ ಬಹಳ ಕಾಲ ಕೊಬ್ಬನ್ನು ಕಣಜವೆಂದೇ ಎಣಿಸಿತ್ತು: ಸುಗ್ಗಿಯಲ್ಲಿ ತುಂಬುವುದು, ಬರದಲ್ಲಿ ತೆಗೆಯುವುದು, ಅಷ್ಟೇ. 1949ರ ಸುಮಾರಿಗೆ ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ಎಷ್ಟು ತಿಂದರೂ ಹಸಿವು ತೀರದ, ವಿಪರೀತ ಊದಿದ ಇಲಿಗಳು ಕಾಣಿಸಿಕೊಂಡವು. ಅಲ್ಲಿನ ವಿಜ್ಞಾನಿ ಡಗ್ಲಾಸ್ ಕೋಲ್ಮನ್ ಮುಂದೆ ಇಂಥ ಇಲಿಯನ್ನೂ ಸಾಮಾನ್ಯ ಇಲಿಯನ್ನೂ ರಕ್ತಸಂಚಾರ ಒಂದಾಗುವಂತೆ ಜೋಡಿಸಿ ನೋಡಿದರು. ಊದಿದ ಇಲಿ ತಿನ್ನುವುದನ್ನು ಕಡಿಮೆ ಮಾಡಿತು. ‘ಸಾಕು’ ಎನ್ನುವ ಯಾವುದೋ ವಸ್ತು ಸಾಮಾನ್ಯ ಇಲಿಯ ರಕ್ತದಲ್ಲಿದೆ, ಊದಿದ ಇಲಿಯಲ್ಲಿ ಅದಿಲ್ಲ ಎಂಬುದು ಖಚಿತವಾಯಿತು.

ಆ ವಸ್ತುವಿನ ಜೀನ್ ಸಿಕ್ಕಿದ್ದು 1994ರಲ್ಲಿ, ನ್ಯೂಯಾರ್ಕ್‌ನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಅವರ ತಂಡಕ್ಕೆ. ಅದನ್ನು ತಯಾರಿಸುವುದು ಕೊಬ್ಬಿನ ಕೋಶಗಳೇ ಎಂಬುದು ಎಲ್ಲರನ್ನೂ ಬೆರಗಾಗಿಸಿತು. ಅದಕ್ಕೆ ಲೆಪ್ಟಿನ್ ಎಂದು ಹೆಸರಿಟ್ಟರು. ಕೋಲ್ಮನ್ ಮತ್ತು ಫ್ರೀಡ್‌ಮನ್ ಇಬ್ಬರಿಗೂ 2010ರಲ್ಲಿ ಲ್ಯಾಸ್ಕರ್ ಪ್ರಶಸ್ತಿ ಬಂತು.

ಮನುಷ್ಯರಲ್ಲೂ ಹೀಗೆಯೇ ಎಂಬುದಕ್ಕೆ ಪುರಾವೆ ಬೇಗನೆ ಸಿಕ್ಕಿತು. 1997ರಲ್ಲಿ ಕೇಂಬ್ರಿಜ್‌ನ ವೈದ್ಯರು ಪಾಕಿಸ್ತಾನ ಮೂಲದ ಒಂದೇ ಕುಟುಂಬದ ಇಬ್ಬರು ಮಕ್ಕಳನ್ನು ಪರೀಕ್ಷಿಸಿದರು. 8 ವರ್ಷದ ಹುಡುಗಿಯ ತೂಕ 86 ಕಿಲೊ, 2 ವರ್ಷದ ಹುಡುಗನದು 29 ಕಿಲೊ. ಇಬ್ಬರಲ್ಲೂ ಲೆಪ್ಟಿನ್ ಜೀನ್ ಕೆಟ್ಟಿತ್ತು. ಹುಡುಗಿಗೆ ಲೆಪ್ಟಿನ್ ಚುಚ್ಚುಮದ್ದು ಕೊಟ್ಟಾಗ ಒಂದು ವರ್ಷದಲ್ಲಿ 16 ಕಿಲೊಗೂ ಹೆಚ್ಚು ತೂಕ ಇಳಿಯಿತು.

ಇಂಥ ದೋಷ ತೀರ ಅಪರೂಪ. ದಪ್ಪಗಿರುವ ಬಹುತೇಕರಲ್ಲಿ ಲೆಪ್ಟಿನ್ ಕಡಿಮೆ ಇರುವುದಿಲ್ಲ, ಬದಲಿಗೆ ಹೆಚ್ಚಾಗಿಯೇ ಇರುತ್ತದೆ. ಆದರೆ ಮಿದುಳು ಅದಕ್ಕೆ ಕಿವಿಗೊಡುವುದನ್ನು ಬಿಟ್ಟಿರುತ್ತದೆ. ಹೊಟ್ಟೆ ತುಂಬಿದರೂ ‘ಇನ್ನೊಂದು ತುತ್ತು’ ಎನಿಸಲು ಇದೂ ಒಂದು ಕಾರಣ. ಆದ್ದರಿಂದಲೇ ಸಾಮಾನ್ಯ ಬೊಜ್ಜಿಗೆ ಲೆಪ್ಟಿನ್ ಚುಚ್ಚುಮದ್ದು ಹೇಳಿಕೊಳ್ಳುವಂಥ ಫಲ ಕೊಡಲಿಲ್ಲ.

ಒಂದು ಏರುತ್ತದೆ, ಒಂದು ಇಳಿಯುತ್ತದೆ

ಲೆಪ್ಟಿನ್ ಸಿಕ್ಕ ಮರುವರ್ಷವೇ, 1995ರಲ್ಲಿ, ಕೊಬ್ಬಿನ ಕೋಶಗಳೇ ತಯಾರಿಸುವ ಇನ್ನೊಂದು ಹಾರ್ಮೋನ್ ಬೆಳಕಿಗೆ ಬಂತು. ಅದು ಅಡಿಪೋನೆಕ್ಟಿನ್. ಇದು ಸ್ನಾಯು ಮತ್ತು ಯಕೃತ್ತು ಇನ್ಸುಲಿನ್ನಿನ ಮಾತು ಕೇಳುವಂತೆ ಮಾಡುತ್ತದೆ. ಯಕೃತ್ತು ಸುಮ್ಮಸುಮ್ಮನೆ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುವುದನ್ನು ತಗ್ಗಿಸುತ್ತದೆ. ರಕ್ತನಾಳದ ಒಳಪದರದ ಉರಿಯೂತವನ್ನು ಶಮನ ಮಾಡುತ್ತದೆ.

ಕೊಬ್ಬು ಹೆಚ್ಚಾದಂತೆ ಅಡಿಪೋನೆಕ್ಟಿನ್ನೂ ಹೆಚ್ಚಬೇಕಿತ್ತಲ್ಲವೆ? ಆಗುವುದು ತಿರುಗಾಮುರುಗಾ. ಕೊಬ್ಬಿನ ಕೋಶಗಳು ಉಬ್ಬಿದಷ್ಟೂ ಲೆಪ್ಟಿನ್ ಏರುತ್ತದೆ, ಅಡಿಪೋನೆಕ್ಟಿನ್ ಇಳಿಯುತ್ತದೆ. ಸಾಲದೆಂಬಂತೆ, ಉಬ್ಬಿ ಒತ್ತೊತ್ತಾದ ಕೋಶಗಳ ನಡುವೆ ರೋಗನಿರೋಧಕ ಕೋಶಗಳು ಬಂದು ಸೇರಿಕೊಂಡು ಉರಿಯೂತ ಹಚ್ಚುವ ರಾಸಾಯನಿಕಗಳನ್ನು ಸುರಿಸತೊಡಗುತ್ತವೆ. ಗಾಯಕ್ಕೆ ಕೀವಾದಾಗ ಆಗುವಂಥ ಉರಿಯೂತವಲ್ಲ ಇದು. ಜ್ವರವಿಲ್ಲ, ನೋವಿಲ್ಲ. ಸಣ್ಣಗೆ, ವರ್ಷಗಟ್ಟಲೆ ನಡೆಯುತ್ತದೆ.

ಕೊಬ್ಬು ಎಲ್ಲಿ ಕೂತಿದೆ ಎಂಬುದರ ಮೇಲೂ ಬಹಳ ನಿಂತಿದೆ. ತೊಡೆ, ಪೃಷ್ಠದ ಚರ್ಮದಡಿಯ ಕೊಬ್ಬು ಹೆಚ್ಚು ಉಪದ್ರವ ಕೊಡುವುದಿಲ್ಲ. ಕರುಳಿನ ಸುತ್ತ, ಯಕೃತ್ತಿನ ಒಳಗೆ ಸೇರುವ ಕೊಬ್ಬು ಹಾಗಲ್ಲ. ಕರುಳಿನಿಂದ ಹೊರಟ ರಕ್ತ ನೇರವಾಗಿ ಯಕೃತ್ತಿಗೆ ಹೋಗುವುದರಿಂದ ಅಲ್ಲಿನ ಕೊಬ್ಬು ಬಿಡುವ ಕೊಬ್ಬಿನಾಮ್ಲ ಮತ್ತು ಉರಿಯೂತದ ವಸ್ತುಗಳು ಮೊದಲು ಯಕೃತ್ತಿನ ಬಾಗಿಲಿಗೇ ಬರುತ್ತವೆ. ‘ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಅಂತ ಬಂದಿದೆ’ ಎನ್ನುವ ಮಾತು ಈಗ ಹಳ್ಳಿಗಳಲ್ಲೂ ಕಿವಿಗೆ ಬೀಳುತ್ತದೆ. ಆ ವರದಿಯನ್ನು ಯಕೃತ್ತಿನ ಕಾಯಿಲೆ ಎಂದಷ್ಟೇ ಓದಿ ಮಡಚಿಡಬಾರದು; ಅದು ಹೃದಯದ ಎಚ್ಚರಿಕೆಯೂ ಹೌದು.

ಹೃದಯಕ್ಕೆ ನಾಲ್ಕು ದಾರಿ

ಹೊಟ್ಟೆಯ ಕೊಬ್ಬು ಹೃದಯವನ್ನು ತಲುಪುವ ದಾರಿಗಳಲ್ಲಿ ನಾಲ್ಕು ಮುಖ್ಯ.

ಮೊದಲನೆಯದು ರಕ್ತದ ಒತ್ತಡ. ಹೆಚ್ಚಿದ ಲೆಪ್ಟಿನ್ ನರಮಂಡಲವನ್ನು ಕೆರಳಿಸಿ ರಕ್ತನಾಳಗಳನ್ನು ಬಿಗಿಯಾಗಿಸುತ್ತದೆ. ಹಸಿವಿನ ವಿಷಯದಲ್ಲಿ ಲೆಪ್ಟಿನ್ನಿಗೆ ಕಿವುಡಾದ ಮಿದುಳು ಈ ಕೆಲಸದಲ್ಲಿ ಮಾತ್ರ ಅದರ ಮಾತು ಕೇಳುತ್ತಲೇ ಇರುತ್ತದೆ. ಜೊತೆಗೆ ಒತ್ತಡ ಏರಿಸುವ ಆಂಜಿಯೊಟೆನ್ಸಿನ್ ಎಂಬ ಹಾರ್ಮೋನ್‌ನ ಮೂಲವಸ್ತುವನ್ನೂ ಕೊಬ್ಬಿನ ಕೋಶಗಳು ತಯಾರಿಸುತ್ತವೆ.

ಎರಡನೆಯದು ಸಕ್ಕರೆ. ಅಡಿಪೋನೆಕ್ಟಿನ್ ಇಳಿದಾಗ ಇನ್ಸುಲಿನ್ನಿನ ಹಿಡಿತ ಸಡಿಲವಾಗುತ್ತದೆ. ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸಿ ಕೆಲವು ವರ್ಷ ಸಂಭಾಳಿಸುತ್ತದೆ. ಅದು ಸೋತ ದಿನ ಮಧುಮೇಹ ಕಾಣಿಸಿಕೊಳ್ಳುತ್ತದೆ.

ಮೂರನೆಯದು ರಕ್ತದ ಕೊಬ್ಬು. ಯಕೃತ್ತು ತನಗೆ ಬಂದ ಹೆಚ್ಚುವರಿ ಕೊಬ್ಬಿನಾಮ್ಲವನ್ನು ಟ್ರೈಗ್ಲಿಸರೈಡ್ ಮಾಡಿ ರಕ್ತಕ್ಕೆ ಬಿಡುತ್ತದೆ. ಒಳ್ಳೆಯ ಕೊಲೆಸ್ಟರಾಲ್ ಎನಿಸಿಕೊಂಡ ಎಚ್‌ಡಿಎಲ್ ಕುಸಿಯುತ್ತದೆ.

ನಾಲ್ಕನೆಯದು ಹೆಪ್ಪು. ಹೃದಯಾಘಾತದ ಕೊನೆಯ ಹೊಡೆತ ಸಾಮಾನ್ಯವಾಗಿ ರಕ್ತ ಹೆಪ್ಪುಗಟ್ಟುವುದರಿಂದಲೇ ಬರುತ್ತದೆ. ಕಟ್ಟಿದ ಹೆಪ್ಪನ್ನು ಕರಗಿಸುವ ವ್ಯವಸ್ಥೆ ಶರೀರದಲ್ಲೇ ಇದೆ. ಅದಕ್ಕೆ ಅಡ್ಡಗಾಲು ಹಾಕುವ ಪಿಎಐ-1 ಎಂಬ ವಸ್ತು ಹೊಟ್ಟೆಯ ಕೊಬ್ಬು ಹೆಚ್ಚಿದವರ ರಕ್ತದಲ್ಲಿ ಹೆಚ್ಚಾಗಿರುತ್ತದೆ.

ಇವೆಲ್ಲ ದೂರದಿಂದ ಬರುವ ಪೆಟ್ಟು. ಹೃದಯದ ಮೈಗೇ ಅಂಟಿಕೊಂಡ ಕೊಬ್ಬಿನ ಪದರವೊಂದಿದೆ. ಅದಕ್ಕೂ ಹೃದಯದ ಸ್ನಾಯುವಿಗೂ ನಡುವೆ ಗೋಡೆಯಿಲ್ಲ. ಹೃದಯಕ್ಕೆ ರಕ್ತ ಒಯ್ಯುವ ಕೊರೊನರಿ ನಾಳಗಳು ಅದರೊಳಗೇ ಹಾದುಹೋಗುತ್ತವೆ. ಅಲ್ಲಿನ ಕೊಬ್ಬು ಉರಿಯೂತಕ್ಕೆ ಒಳಗಾದರೆ ನಾಳಕ್ಕೆ ನೇರ ತಾಗುತ್ತದೆ.

ತೆಳ್ಳಗಿದ್ದರೂ ಕೊಬ್ಬು

‘ನಾನೇನು ದಪ್ಪ ಇಲ್ಲವಲ್ಲ’ ಎಂಬ ಸಮಾಧಾನ ನಮ್ಮ ದೇಶದವರಿಗೆ ಅಷ್ಟಾಗಿ ಒಪ್ಪುವುದಿಲ್ಲ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಅಂದರೆ ಬಿಎಂಐ, ಇಬ್ಬರದೂ 22.3. ನೋಡಿದರೆ ಇಬ್ಬರೂ ತೆಳ್ಳಗೆ. ಶರೀರದ ಕೊಬ್ಬು ಅಳೆದಾಗ ಯುಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ಅದೇ ತೂಕ, ಎರಡು ಪಟ್ಟಿಗೂ ಮೀರಿದ ಕೊಬ್ಬು.

ಇದು ಹುಟ್ಟಿನಿಂದಲೇ ಬರುವ ಗುಣ. ಯಾಜ್ಞಿಕ್ ಅವರ ತಂಡದ ಅಧ್ಯಯನದಲ್ಲಿ ಪುಣೆ ಸುತ್ತಲಿನ ಹಳ್ಳಿಯ ಶಿಶುಗಳ ಸರಾಸರಿ ತೂಕ 2.7 ಕಿಲೊ, ಇಂಗ್ಲೆಂಡಿನ ಶಿಶುಗಳದ್ದು 3.5 ಕಿಲೊ. ನಮ್ಮ ಮಕ್ಕಳ ಸ್ನಾಯು, ಅಂಗಾಂಗ ಎಲ್ಲವೂ ಚಿಕ್ಕದಾಗಿದ್ದವು. ಕೊಬ್ಬು ಮಾತ್ರ ಅಷ್ಟು ಕಡಿಮೆಯಾಗಿರಲಿಲ್ಲ.

ಕರ್ನಾಟಕಕ್ಕೆ ಈ ಸಂಶೋಧನೆಯಲ್ಲಿ ದೊಡ್ಡ ಪಾಲಿದೆ. ಮೈಸೂರಿನಲ್ಲಿ ಮಿಷನ್ ಆಸ್ಪತ್ರೆ ಎಂದೇ ಹೆಸರಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಅಲ್ಲಿ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾಖಲೆ ಪುಸ್ತಕದಲ್ಲಿ ಬರೆದಿಟ್ಟಿತ್ತು. ಹಾಗೆ 1934ರಿಂದ 1954ರ ನಡುವೆ ಹುಟ್ಟಿದ 517 ಜನರನ್ನು ದಶಕಗಳ ನಂತರ ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಕಡಿಮೆ ತೂಕವಿದ್ದವರಲ್ಲಿ ಮುಂದೆ ಹೃದಯದ ರಕ್ತನಾಳದ ಕಾಯಿಲೆ ಹೆಚ್ಚು ಎಂದು 1996ರಲ್ಲಿ ಪ್ರಕಟವಾಯಿತು. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರಿಂದ ಶುರುವಾದ ಪಾರ್ಥೆನಾನ್ ಅಧ್ಯಯನವನ್ನು ಡಾ. ಜಿ.ವಿ. ಕೃಷ್ಣವೇಣಿ ಮತ್ತು ಅವರ ಸಂಗಡಿಗರು ಮುಂದುವರಿಸಿದರು. ಮೈಸೂರಿನ ಶಿಶುಗಳಲ್ಲೂ ಬೆನ್ನು-ಮುಂಡದ ಭಾಗದ ಕೊಬ್ಬು ಹುಟ್ಟುವಾಗಲೇ ಉಳಿದುಕೊಂಡಿರುವುದನ್ನು ಅದು ತೋರಿಸಿತು. ಬಸುರಿಯ ಊಟ, ಬಸುರಿಯ ಸಕ್ಕರೆ ಪರೀಕ್ಷೆ ಮುಂದಿನ ತಲೆಮಾರಿನ ಹೃದಯಕ್ಕೂ ಸಂಬಂಧಿಸಿದ್ದು ಎನ್ನಲು ಮೈಸೂರಿನ ಈ ಹಳೆಯ ದಾಖಲೆ ಪುಸ್ತಕಗಳೇ ಸಾಕ್ಷಿ.

ಹಾರ್ಮೋನ್‌ಗಳ ಲೆಕ್ಕದಲ್ಲೂ ನಾವು ಹಿಂದಿದ್ದೇವೆ. ಕೆನಡಾದಲ್ಲಿ ನೆಲೆಸಿದ ನಾಲ್ಕು ಜನಾಂಗಗಳನ್ನು ಹೋಲಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಕ್ಷಿಣ ಏಷ್ಯಾ ಮೂಲದವರ ಅಡಿಪೋನೆಕ್ಟಿನ್ ಮಟ್ಟ ಯುರೋಪ್ ಮೂಲದವರಿಗಿಂತ ಕಡಿಮೆಯಿತ್ತು. ಚರ್ಮದಡಿ ಕೊಬ್ಬು ಶೇಖರಿಸುವ ಜಾಗ ನಮ್ಮಲ್ಲಿ ಬೇಗ ತುಂಬಿ, ಮಿಕ್ಕಿದ್ದು ಹೊಟ್ಟೆಯೊಳಗೆ ಹರಿಯುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆಗಳಲ್ಲೊಂದು. ಐಸಿಎಂಆರ್ ನೆರವಿನಿಂದ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದ ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಕೊಟ್ಟ ಅಂಕಿಗಳು ಇದಕ್ಕೆ ಹೊಂದುತ್ತವೆ: ತೂಕದ ಲೆಕ್ಕದಲ್ಲಿ ಬೊಜ್ಜು ಶೇ 28.6 ವಯಸ್ಕರಲ್ಲಿ, ಹೊಟ್ಟೆಯ ಲೆಕ್ಕದಲ್ಲಿ ಶೇ 39.5 ವಯಸ್ಕರಲ್ಲಿ. ಎಂದರೆ ತೂಕದ ಯಂತ್ರ ‘ಸರಿ ಇದ್ದೀರಿ’ ಎಂದು ಕಳಿಸಿದ ಎಷ್ಟೋ ಜನರನ್ನು ಟೇಪು ಹಿಡಿದು ನಿಲ್ಲಿಸುತ್ತದೆ.

ಸೊಂಟ ಅಳೆಯುವ ಬಗೆ

ಬೇಕಾದದ್ದು ದರ್ಜಿಯ ಟೇಪು ಒಂದೇ. ಪ್ಯಾಂಟಿನ ಸೈಜು ಸೊಂಟದ ಅಳತೆಯಲ್ಲ. ಹೊಟ್ಟೆ ಬಂದವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುವುದರಿಂದ ಸೈಜು 34 ಇದ್ದರೂ ಸುತ್ತಳತೆ 38 ಇಂಚು ಇರಬಹುದು. ಪಕ್ಕೆಲುಬಿನ ಕೊನೆಯ ಮೂಳೆಯನ್ನೂ ಸೊಂಟದ ಮೂಳೆಯ ಮೇಲ್ತುದಿಯನ್ನೂ ಬೆರಳಿನಿಂದ ಒತ್ತಿ ಗುರುತಿಸಬೇಕು. ಎರಡರ ನಡುಮಧ್ಯದಲ್ಲಿ ಬಟ್ಟೆ ಸರಿಸಿ ಟೇಪನ್ನು ನೆಲಕ್ಕೆ ಸಮವಾಗಿ ಸುತ್ತಬೇಕು. ಸಹಜವಾಗಿ ಉಸಿರು ಬಿಟ್ಟಾಗ ಓದಬೇಕು. ಟೇಪು ಕಂಡೊಡನೆ ಹೊಟ್ಟೆ ಒಳಗೆಳೆಯುವುದು ಎಲ್ಲರ ಅಭ್ಯಾಸ. ‘ಅಜ್ಜಾ, ಹೊಟ್ಟೆ ಎಳ್ಕಬ್ಯಾಡ್ರಿ, ಉಸ್ರು ಬಿಡ್ರಿ’ ಎಂದು ಹೇಳಿಯೇ ಅಳೆಯಬೇಕು.

ಭಾರತೀಯರಿಗೆ ಹೇಳಿರುವ ಗೆರೆ ಗಂಡಸರಿಗೆ 90 ಸೆಂಟಿಮೀಟರ್, ಅಂದರೆ ಸುಮಾರು 35½ ಇಂಚು. ಹೆಂಗಸರಿಗೆ 80 ಸೆಂಟಿಮೀಟರ್, ಸುಮಾರು 31½ ಇಂಚು. ಬಸುರಿಯರಿಗೆ ಈ ಅಳತೆ ಅನ್ವಯಿಸುವುದಿಲ್ಲ. ಟೇಪು ಇಲ್ಲದಿದ್ದರೆ ತಲೆಯಿಂದ ಪಾದದವರೆಗಿನ ಉದ್ದಕ್ಕೆ ದಾರ ಕತ್ತರಿಸಿ, ಎರಡಾಗಿ ಮಡಚಿ ಸೊಂಟಕ್ಕೆ ಸುತ್ತಿದರೂ ಆಯಿತು. ತುದಿಗಳು ಕೂಡದಿದ್ದರೆ ಸೊಂಟ ಎತ್ತರದ ಅರ್ಧಕ್ಕಿಂತ ಹೆಚ್ಚಿದೆ ಎಂದರ್ಥ.

ಸೊಂಟ ಗೆರೆ ದಾಟಿದ್ದರೆ ಇನ್ನು ನಾಲ್ಕನ್ನು ನೋಡಿಸಬೇಕು.

- ರಕ್ತದೊತ್ತಡ: 130/85 ಅಥವಾ ಹೆಚ್ಚು
- ಬರಿಹೊಟ್ಟೆಯ ಸಕ್ಕರೆ: 100 ಅಥವಾ ಹೆಚ್ಚು (126 ಅಥವಾ ಹೆಚ್ಚಿದ್ದರೆ ಮಧುಮೇಹವೇ ಎಂದು ಮರುಪರೀಕ್ಷೆ)
- ಟ್ರೈಗ್ಲಿಸರೈಡ್: 150 ಅಥವಾ ಹೆಚ್ಚು
- ಎಚ್‌ಡಿಎಲ್: ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ

ಸೊಂಟವೂ ಸೇರಿ ಐದರಲ್ಲಿ ಯಾವುದೇ ಮೂರು ಇದ್ದರೆ ವೈದ್ಯರು ಅದನ್ನು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಕೊಬ್ಬಿನ ಹಾರ್ಮೋನ್‌ಗಳು ಹದ ತಪ್ಪಿವೆ ಎನ್ನಲು ಇಷ್ಟೇ ಸಾಕು. ಲೆಪ್ಟಿನ್, ಅಡಿಪೋನೆಕ್ಟಿನ್ ಎಂದು ಪ್ರತ್ಯೇಕ ಪರೀಕ್ಷೆಗೆ ದುಡ್ಡು ಸುರಿಯಬೇಕಾಗಿಲ್ಲ. ಹೆಂಗಸರು ಮುಟ್ಟು ನಿಂತ ಮೇಲೆ ವರ್ಷಕ್ಕೊಮ್ಮೆ ತಪ್ಪದೆ ನೋಡಿಸಿಕೊಳ್ಳಬೇಕು. ಈಸ್ಟ್ರೋಜನ್ ಇಳಿದಾಗ ತೊಡೆಗೆ ಸೇರುತ್ತಿದ್ದ ಕೊಬ್ಬು ಹೊಟ್ಟೆಗೆ ಸೇರತೊಡಗುತ್ತದೆ.

ತಟ್ಟೆಯಲ್ಲಿ ಏನು ಕಡಿಮೆ, ಏನು ಹೆಚ್ಚು

ಜಗಳೂರಿನ ಜೋಳದ ರೊಟ್ಟಿ, ನವಣೆ, ಹೊನ್ನಾಳಿ, ನ್ಯಾಮತಿಯ ಅನ್ನ, ಚನ್ನಗಿರಿಯ ಮುದ್ದೆ. ಇವುಗಳಲ್ಲಿ ಯಾವುದನ್ನೂ ಬಿಡಬೇಕಾಗಿಲ್ಲ, ಪ್ರಮಾಣ ಬದಲಾಗಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ದಿನದ ಶಕ್ತಿಯಲ್ಲಿ ಧಾನ್ಯದ ಪಾಲು ಶೇ 45 ಮೀರಬಾರದು. ನಮ್ಮ ದೇಶದಲ್ಲಿ ಅದು ಶೇ 50ರಿಂದ 70ರಷ್ಟಿದೆ. ಮುದ್ದೆ ಉಂಡ ಮೇಲೆ ಅದೇ ಊಟದಲ್ಲಿ ಮತ್ತೆ ಎರಡು ಸೌಟು ಅನ್ನ ಬಡಿಸಿಕೊಳ್ಳುವುದು ನಿಂತರೆ ದೊಡ್ಡ ಬದಲಾವಣೆಯಾಗುತ್ತದೆ. ರಾಗಿ ಒಳ್ಳೆಯದೆಂದು ಮುದ್ದೆಯ ಗಾತ್ರ ಹಿಗ್ಗಿಸಿದರೆ ಲಾಭವಿಲ್ಲ.

ಬಿಟ್ಟ ಅನ್ನದ ಜಾಗಕ್ಕೆ ಬರಬೇಕಾದದ್ದು ಕಾಳು ಮತ್ತು ಸೊಪ್ಪು. ಹುರುಳಿ, ಅಲಸಂದೆ, ಹೆಸರು, ಅವರೆ ಈ ಸೀಮೆಯದೇ ಬೆಳೆ. ಸಾರಿನಲ್ಲಿ ತೇಲುವ ನಾಲ್ಕು ಕಾಳು ಲೆಕ್ಕಕ್ಕಿಲ್ಲ. ತಟ್ಟೆಯಲ್ಲಿ ಪಲ್ಯದಂತೆ ಕಾಣುವಷ್ಟು ಇರಬೇಕು. ಮೊಟ್ಟೆ, ಮೀನು ತಿನ್ನುವವರಿಗೆ ದಾರಿ ಇನ್ನೂ ಸುಲಭ. ಸ್ನಾಯು ಉಳಿಯಲು ಪ್ರೋಟೀನ್ ಬೇಕು, ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದು ಸ್ನಾಯುವೇ.

ಚಹಾದ ಲೆಕ್ಕವನ್ನೊಮ್ಮೆ ಹಾಕಿ ನೋಡಬೇಕು. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ ಹತ್ತು ಚಮಚ, 40ರಿಂದ 50 ಗ್ರಾಂ. ತೋಟಕ್ಕೆ ಆಳು ಬಂದಾಗ, ಅಂಗಡಿ ಮುಂದೆ ಪರಿಚಯದವರು ಸಿಕ್ಕಾಗ ಬೇಡವೆನ್ನಲಾಗದ ಚಹಾ ಇದು. ಚಹಾ ಬಿಡುವುದು ಕಷ್ಟ, ಚಮಚ ಅರ್ಧಕ್ಕಿಳಿಸುವುದು ಅಷ್ಟು ಕಷ್ಟವಲ್ಲ. ದಾವಣಗೆರೆಯ ಬೆಣ್ಣೆ ದೋಸೆ, ಮಂಡಕ್ಕಿ-ಮಿರ್ಚಿ ಸಂತೆಯ ದಿನದ ಸಂತೋಷವಾಗಿ ಉಳಿಯಲಿ, ದಿನದ ಉಪಾಹಾರವಾಗುವುದು ಬೇಡ. ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿಯುವ ಕಡೆ ತಿನ್ನುವುದನ್ನು ಬಿಡುವುದೇ ಮೇಲು. ಉಪ್ಪು, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಎಲ್ಲ ಸೇರಿ ದಿನಕ್ಕೆ 5 ಗ್ರಾಂ ಒಳಗೆ ಉಪ್ಪು ಸಾಕು, ಅಂದರೆ ಒಂದು ಚಹಾ ಚಮಚ.

ತೂಕ ಇಳಿಯದಿದ್ದರೂ ಫಲವಿದೆ

ವ್ಯಾಯಾಮ ಶುರುಮಾಡಿದವರು ತಿಂಗಳಿಗೆ ಕೈಬಿಡುವುದು ತೂಕ ಇಳಿಯಲಿಲ್ಲವೆಂದು. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ ಸಕ್ಕರೆ ಗಡಿ ಮುಟ್ಟಿದ 531 ಜನರನ್ನು ಮೂರು ವರ್ಷ ಗಮನಿಸಿ 2006ರಲ್ಲಿ ಪ್ರಕಟಿಸಿದ ಫಲಿತಾಂಶ ಅಂಥವರು ಓದಬೇಕಾದದ್ದು. ಸಲಹೆ ಮಾತ್ರ ಪಡೆದವರಲ್ಲಿ ಶೇ 55 ಮಂದಿಗೆ ಮಧುಮೇಹ ಬಂತು. ಊಟ ಹತೋಟಿಯಲ್ಲಿಟ್ಟು ನಡೆದವರಲ್ಲಿ ಶೇ 39.3ಕ್ಕೆ ನಿಂತಿತು. ಅವರ ತೂಕ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇತ್ತು. ದುಡಿಯುವ ಸ್ನಾಯು ಇನ್ಸುಲಿನ್ನಿನ ನೆರವು ಕಾಯದೆಯೂ ಸಕ್ಕರೆ ಹೀರುತ್ತದೆ. ಕರುಳಿನ ಸುತ್ತಲಿನ ಕೊಬ್ಬು ಚರ್ಮದಡಿಯ ಕೊಬ್ಬಿಗಿಂತ ಬೇಗ ಕರಗುತ್ತದೆ. ಹಾಗಾಗಿ ತೂಕದ ಮುಳ್ಳು ಅಲುಗದಿದ್ದರೂ ಟೇಪಿನಲ್ಲಿ ವ್ಯತ್ಯಾಸ ಕಾಣಬಹುದು.

ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ಎಂಬುದು ಎಲ್ಲೆಡೆ ಒಪ್ಪಿದ ಅಳತೆ. ಮಾತಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು, ಅಷ್ಟು ಬಿರುಸು. ತೋಟದಲ್ಲಿ ನಿಂತು ಆಳುಗಳಿಗೆ ಹೇಳಿ ಕೆಲಸ ಮಾಡಿಸುವುದು ಇದರಲ್ಲಿ ಸೇರದು. ಗುದ್ದಲಿ ಹಿಡಿದು ಬುಡ ಬಿಡಿಸುವುದು, ಗೊಬ್ಬರದ ಪುಟ್ಟಿ ಹೊರುವುದು, ಸೋಗೆ ಎಳೆದು ಒಟ್ಟುವುದು ಖಂಡಿತ ಸೇರುತ್ತದೆ, ಸ್ನಾಯುವನ್ನೂ ಕಟ್ಟುತ್ತದೆ. ಅಡಿಕೆ ಕೆಲಸ ಸುಗ್ಗಿಯಲ್ಲಿ ಒತ್ತಿ ಬಂದು ಉಳಿದ ತಿಂಗಳು ಬಿಡುವು ಕೊಡುತ್ತದೆ. ಆ ಬಿಡುವಿನ ತಿಂಗಳುಗಳಲ್ಲೇ ಬೈಕ್ ಬಿಟ್ಟು ನಡೆಯುವ ರೂಢಿ ಬೇಕು. ರಾತ್ರಿ ಉಂಡ ಮೇಲೆ ಹದಿನೈದು ನಿಮಿಷ ಬೀದಿಯಲ್ಲಿ ಅಡ್ಡಾಡಿದರೂ ಊಟದ ನಂತರದ ಸಕ್ಕರೆ ತಗ್ಗುತ್ತದೆ. ಮನೆಯ ಹೆಂಗಸರಿಗೆ ಈ ಹದಿನೈದು ನಿಮಿಷ ಸಿಗುವಂತೆ ಪಾತ್ರೆ ತೊಳೆಯಲು ಉಳಿದವರು ಕೈ ಹಾಕಬೇಕು.

ಎದೆನೋವು, ನಡೆದರೆ ಏದುಸಿರು, ಹಳೆಯ ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಶುರುಮಾಡಬೇಕು.

ನಿದ್ದೆಗೆಟ್ಟರೆ ಹಸಿವು

ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ತೋಟದವರು ಟಾರ್ಚ್ ಹಿಡಿದು ಹೊರಡಲೇಬೇಕು. ಅಡಿಕೆ ಬೇಯಿಸುವ ಕಾಲದಲ್ಲಿ ಒಲೆಯ ಮುಂದೆ ರಾತ್ರಿ ಕಳೆಯುತ್ತದೆ. ನಿದ್ದೆಗೆಟ್ಟ ಮರುದಿನ ಹಸಿವು ಹೆಚ್ಚುವುದು ಭ್ರಮೆಯಲ್ಲ. ಷಿಕಾಗೊದಲ್ಲಿ 12 ಆರೋಗ್ಯವಂತ ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟು ಮಾಡಿದ ಪರೀಕ್ಷೆ 2004ರಲ್ಲಿ ಪ್ರಕಟವಾಯಿತು. ‘ಸಾಕು’ ಎನ್ನುವ ಲೆಪ್ಟಿನ್ ಶೇ 18 ಇಳಿದಿತ್ತು, ಹಸಿವು ಕೆರಳಿಸುವ ಗ್ರೆಲಿನ್ ಶೇ 28 ಏರಿತ್ತು. ಕರೆಂಟಿನ ಪಾಳಿ ರೈತನ ಕೈಯಲ್ಲಿಲ್ಲ. ಅಂಥ ವಾರಗಳಲ್ಲಿ ಹಗಲು ಒಂದು ಗಂಟೆ ಮಲಗಿ ಕೊರತೆ ತುಂಬಿಕೊಳ್ಳಬಹುದು. ರಾತ್ರಿ ಮೊಬೈಲ್ ನೋಡುತ್ತ ಕಳೆಯುವ ನಿದ್ದೆಗೆ ಮಾತ್ರ ನೆಪವಿಲ್ಲ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟಿ ಎಚ್ಚರವಾಗುವುದು, ಹಗಲು ತೂಕಡಿಕೆ ಇದ್ದರೆ ವೈದ್ಯರಿಗೆ ಹೇಳಬೇಕು. ಅದು ರಕ್ತದೊತ್ತಡ ಏರಿಸುವ ಕಾಯಿಲೆಯಾಗಿರಬಹುದು.

ಎಲೆ-ಅಡಿಕೆ, ಗುಟ್ಕಾ, ಬೀಡಿ

ಅಡಿಕೆ ಈ ತಾಲ್ಲೂಕಿನ ಬದುಕು. ಆದರೂ ಅದನ್ನು ಅಗಿಯುವ ವಿಷಯವನ್ನು ಮರೆಮಾಚಿ ಹೃದಯದ ಬಗ್ಗೆ ಬರೆಯಲಾಗದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆ ಕ್ಯಾನ್ಸರ್‌ಕಾರಕವೆಂದು 2004ರಲ್ಲಿ ಹೇಳಿತು. ತೈವಾನ್ ಮೊದಲಾದ ಕಡೆ ನಡೆದ ಅಧ್ಯಯನಗಳಲ್ಲಿ ಅಗಿಯುವ ಚಟ ಇರುವವರಲ್ಲಿ ಹೊಟ್ಟೆಯ ಬೊಜ್ಜು, ಮಧುಮೇಹ, ಹೃದಯದ ಕಾಯಿಲೆ ಹೆಚ್ಚಾಗಿ ಕಂಡಿವೆ. ತಂಬಾಕು ಸೇರಿದರೆ ರಕ್ತನಾಳಕ್ಕೆ ನೇರ ಹಾನಿ. ಸೇದುವವರ ರಕ್ತದಲ್ಲಿ ಅಡಿಪೋನೆಕ್ಟಿನ್ ಕಡಿಮೆ ಇರುವುದೂ ಕಂಡುಬಂದಿದೆ. ಹಬ್ಬ, ಮದುವೆಯ ತಾಂಬೂಲಕ್ಕೂ ದಿನವಿಡೀ ದವಡೆಯಲ್ಲಿ ಇಟ್ಟುಕೊಳ್ಳುವ ಚಟಕ್ಕೂ ಬಹಳ ಅಂತರವಿದೆ, ಚಟ ಬಿಡಲೇಬೇಕು.

ಪೇಟೆಯ ಮದ್ದಿನ ಮಾತು

ಅಡಿಪೋನೆಕ್ಟಿನ್ ಹೆಚ್ಚಿಸುವ ಪುಡಿ, ಲೆಪ್ಟಿನ್ ಸರಿಪಡಿಸುವ ಮಾತ್ರೆ ಎಂದು ಜಾಹೀರಾತುಗಳು ಬರುತ್ತವೆ. ಒಂದು ಹಾರ್ಮೋನ್ ಏರಿಸಿದರೆ ಹೃದಯ ಉಳಿದೀತೆಂಬ ಲೆಕ್ಕ ಅಷ್ಟು ಸರಳವಲ್ಲ. ಮಧುಮೇಹಕ್ಕೆ ಕೊಡುವ ಪಯೋಗ್ಲಿಟಜೋನ್ ಮಾತ್ರೆ ಅಡಿಪೋನೆಕ್ಟಿನ್ ಅನ್ನು ಚೆನ್ನಾಗಿಯೇ ಏರಿಸುತ್ತದೆ. ಆದರೆ ಶರೀರದಲ್ಲಿ ನೀರು ನಿಲ್ಲಿಸುವುದರಿಂದ ಹೃದಯ ಸೋತವರಿಗೆ ಅದನ್ನು ಕೊಡುವುದಿಲ್ಲ. ಹೃದಯ ಸೋತ ರೋಗಿಗಳಲ್ಲಿ ಅಡಿಪೋನೆಕ್ಟಿನ್ ಹೆಚ್ಚಿರುವುದೇ ಕೆಟ್ಟ ಸೂಚನೆಯಾಗಿಯೂ ಕಂಡಿದೆ.

ತೂಕ ಇಳಿಸುವ ಹೊಸ ಚುಚ್ಚುಮದ್ದುಗಳ ವಿಷಯ ಬೇರೆ. 17,604 ಹೃದ್ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸೆಮಾಗ್ಲುಟೈಡ್ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯದ ಕಾಯಿಲೆಯಿಂದ ಸಾವು ಒಟ್ಟಾರೆ ಶೇ 20 ಕಡಿಮೆಯಾದವು. ಅವರೆಲ್ಲ 45 ದಾಟಿದ, ಬಿಎಂಐ 27ಕ್ಕೆ ಕಡಿಮೆಯಿಲ್ಲದ, ಮೊದಲೇ ಹೃದಯ ಅಥವಾ ರಕ್ತನಾಳದ ಕಾಯಿಲೆ ಇದ್ದವರು. ಯಾರಿಗೆ, ಎಷ್ಟು, ಎಷ್ಟು ಕಾಲ ಎಂಬುದನ್ನು ವೈದ್ಯರೇ ತೀರ್ಮಾನಿಸಬೇಕು. ಗೆಳೆಯ ತೆಗೆದುಕೊಂಡನೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಮದ್ದಲ್ಲ ಅದು.

ಎಲ್ಲಿಗೆ ಹೋಗಬೇಕು

ಮೂವತ್ತು ದಾಟಿದ ಎಲ್ಲರಿಗೂ ರಕ್ತದೊತ್ತಡ, ಸಕ್ಕರೆ ತಪಾಸಣೆ ಉಪಕೇಂದ್ರ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಆಶಾ ಕಾರ್ಯಕರ್ತೆಯರು ಮನೆಗೆ ತರುವ ತಪಾಸಣಾ ನಮೂನೆಯಲ್ಲಿ ವಯಸ್ಸು, ತಂಬಾಕು, ಮದ್ಯ, ಸೊಂಟದ ಅಳತೆ, ದೈಹಿಕ ಶ್ರಮ, ಮನೆತನದ ಕಾಯಿಲೆ ಈ ಆರಕ್ಕೆ ಅಂಕವಿದೆ. ಒಟ್ಟು 4 ದಾಟಿದವರನ್ನು ಮೊದಲು ತಪಾಸಣೆಗೆ ಕಳಿಸಬೇಕೆಂಬುದು ನಿಯಮ. ರಾಜ್ಯದ ಗೃಹ ಆರೋಗ್ಯ ಯೋಜನೆಯಲ್ಲೂ ಮನೆ ಬಾಗಿಲಿಗೆ ಬಂದು ಪರೀಕ್ಷಿಸುತ್ತಾರೆ. ಹೆಚ್ಚಿನ ಪರೀಕ್ಷೆಗೆ ಚನ್ನಗಿರಿಯ ತಾಲ್ಲೂಕು ಆಸ್ಪತ್ರೆ, ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇವೆ.

ಎದೆಯ ನಡುವೆ ಬಿಗಿತ, ಎಡಗೈ ಅಥವಾ ದವಡೆಗೆ ಹಬ್ಬುವ ನೋವು, ತಣ್ಣನೆ ಬೆವರು, ಕಾರಣವಿಲ್ಲದ ಏದುಸಿರು ಬಂದರೆ ಗ್ಯಾಸ್ ಎಂದು ಸೋಡಾ ಕುಡಿದು ಮಲಗಬಾರದು. ಮಧುಮೇಹಿಗಳಲ್ಲಿ, ಹೆಂಗಸರಲ್ಲಿ ನೋವಿಲ್ಲದೆ ಬರೀ ಸುಸ್ತು, ವಾಕರಿಕೆಯಾಗಿಯೂ ಹೃದಯಾಘಾತ ಬರಬಹುದು. 108ಕ್ಕೆ ಕರೆ ಮಾಡಿ ಇಸಿಜಿ ಇರುವ ಆಸ್ಪತ್ರೆಗೆ ತಕ್ಷಣ ಹೋಗಬೇಕು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ತಜ್ಞರು ದೂರದಿಂದಲೇ ನೋಡಿ, ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ಬೇಗ ಕೊಟ್ಟಷ್ಟೂ ಹೃದಯದ ಸ್ನಾಯು ಉಳಿಯುತ್ತದೆ.

ಆ ಹಂತಕ್ಕೆ ಹೋಗುವ ಮೊದಲೇ ಮಾಡಬಹುದಾದ ಕೆಲಸ ಇಷ್ಟು: ಮನೆಯಲ್ಲಿ ಮೂವತ್ತು ದಾಟಿದ ಪ್ರತಿಯೊಬ್ಬರ ಸೊಂಟ, ರಕ್ತದೊತ್ತಡ, ಬರಿಹೊಟ್ಟೆಯ ಸಕ್ಕರೆಯನ್ನು ಈ ತಿಂಗಳೊಳಗೆ ನೋಡಿಸಿ ಒಂದು ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡಿ. ತೆಳ್ಳಗಿರುವವರನ್ನೂ, ‘ನನಗೇನೂ ಆಗಿಲ್ಲ’ ಎನ್ನುವವರನ್ನೂ ಬಿಡಬೇಡಿ. ಆರು ತಿಂಗಳಿಗೆ ಮತ್ತೊಮ್ಮೆ ಅಳೆಯಿರಿ; ಮಾತ್ರೆ ಶುರುವಾಗಿದ್ದರೆ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.